ಎಂಜಿನ್ನಿಗೆ ಗಾಳಿಯೂಡುವ ವಿದ್ಯೆ

ಪೆಟ್ರೋಲ್ ಎಂಜಿನ್ನಿನ ಸಾಮರ್ಥ್ಯವನ್ನು ತಿಳಿಯಲಿಚ್ಛಿಸುವವನು ಮೊಟ್ಟಮೊದಲು ಲೆಕ್ಕ ಹಾಕಬೇಕಾದುದು ಅದು ಒಳಕ್ಕೆಳೆದುಕೊಳ್ಳುವ ಗಾಳಿಯನ್ನು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲು ದ್ರವವಾದುದರಿಂದ ಅದನ್ನು ಬೇಕಾದಷ್ಟು ಪ್ರಮಾಣದಲ್ಲಿ ಸಣ್ಣ ರಂಧ್ರದಿಂದ ಚಿಮ್ಮಿಸಬಹುದು. ಗಾಳಿಯಾದರೋ ಘನಮೀಟರಿಗೆ 1.2 ಕಿಲೋಗ್ರಾಂ ಮಾತ್ರ ತೂಗುವ ವಿರಳ ವಸ್ತುವಾದ ಕಾರಣ, ಅದನ್ನು ಸಿಲಿಂಡರಿನ ಸೀಮಿತ ಅವಕಾಶದೊಳಕ್ಕೆ ಸಾಕಷ್ಟು ಸೇರಿಸುವುದರಲ್ಲಿಯೇ ಎಂಜಿನ್ ನಿರ್ಮಾಪಕರ ಶ್ರಮದ ಬಹುಭಾಗವು ವ್ಯಯವಾಗಿದೆ. ಮಂಗಳೂರಿನ ಕಡಲತಡಿಯಿಂದ ಹೊರಟು ಘಟ್ಟವನ್ನೇರಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರನ್ನು ತಲುಪಿದ ಸಾಧಾರಣ ಕಾರು ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತದೆ. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲ, ಗಾಳಿಯೇ ತೆಳುವಾಗಿದೆ.

ಹೆಚ್ಚು ಗಾಳಿಯನ್ನು ದೊರಕಿಸಿಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳುಂಟು: ಸಣ್ಣ ಎಂಜಿನ್ನನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸುವುದು ಒಂದು, ಇರುವ ಎಂಜಿನ್ನಿಗೇ ಗಾಳಿಯನ್ನು ಒತ್ತಿ ತುಂಬುವುದು ಇನ್ನೊಂದು. ಜಪಾನು, ಅಮೆರಿಕ, ಯೂರೋಪುಗಳಲ್ಲಿ ಹಳೆಯ ಕಾರೊಂದನ್ನು ಕೊಂಡು, ಬಿಡುವಿನ ವೇಳೆಯಲ್ಲಿ ತಮ್ಮ ಕೈಯಿಂದಲೇ ವರ್ಷಗಟ್ಟಲೆ ಅದನ್ನು ತಿದ್ದುತ್ತಿರುವ ಸಹಸ್ರಾರು ಮಂದಿ ಹವ್ಯಾಸಿಗಳು ಈ ಎರಡನ್ನೂ ಒಟ್ಟಿಗೆ ಕೈಗೊಳ್ಳುತ್ತಾರೆ. ಅಂಥವರಿಗೆ ಅತ್ಯಂತ ಪ್ರಿಯವಾದ ವಾಹನಗಳಲ್ಲೊಂದು, 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾಜ್ದಾ ಸಂಸ್ಥೆಯ ಮಿಯಾಟಾ ಎಂಬ ಎರಡಾಸನದ ಕಾರು. ಒಂದು ಟನ್ನಿಗೂ ಕಡಿಮೆ ತೂಕದ ಈ ಕಾರಿನಲ್ಲಿ ಆರಂಭದಲ್ಲಿದ್ದದ್ದು 1597 ಘನ ಸೆಂಟಿಮೀಟರಿನ, 116 ಅಶ್ವಶಕ್ತಿಯ ಎಂಜಿನ್. 1994ರ ಮಾದರಿಯಿಂದ ಅದರ ಸ್ಥಾನಕ್ಕೆ 1839 ಘನ ಸೆಂಟಿಮೀಟರಿನ, 128 ಅಶ್ವಶಕ್ತಿಯ ಎಂಜಿನ್ ಬಂದಿತು. ಇವೆರಡೂ ಒಂದೇ ವಂಶಕ್ಕೆ ಸೇರಿದವಾದ್ದರಿಂದ, ಹಳೆಯ ಕಾರಿನ ಗೇರ್‌ಬಾಕ್ಸಿಗೆ ಹೊಸ ಎಂಜಿನ್ನಿನ ಬೋಲ್ಟುಗಳು ಸರಿಯಾಗಿ ಹೊಂದಿಕೊಳ್ಳುತ್ತವೆ. ಕ್ಲಚ್ಚು ಮಾತ್ರ 200 ಮಿಲಿಮೀಟರಿನದಕ್ಕೆ ಬದಲಾಗಿ 215 ಮಿಲಿಮೀಟರಿನದನ್ನು, ಅದರ ಫ್ಲೈವ್ಹೀಲಿನೊಡನೆ, ಹಾಕಬೇಕಾಗುತ್ತದೆ. ಚೈನ್ ಬ್ಲಾಕಿನಿಂದ ಎಂಜಿನ್ನನ್ನೆತ್ತಿ ಹೊರಗಿರಿಸಿದ ಮೇಲೆ, ಅದು ಕಾರಿನೊಳಗಿರುವಾಗ ಸುಲಭವಾಗಿ ಕೈಗೆಟುಕದ ಟೈಮಿಂಗ್ ಬೆಲ್ಟು, ನೀರಿನ ಪಂಪು, ಹಿಂಬದಿಯ ಆಯಿಲ್ ಸೀಲು ಇವುಗಳನ್ನು ಹೊಸದಾಗಿ ಹಾಕದೆ ಬಿಡುವವನು ಆ ಕೆಲಸವನ್ನೇ ಇನ್ನೊಮ್ಮೆ ಆಮೂಲಾಗ್ರವಾಗಿ ಮಾಡಬೇಕಾದೀತು. ನಮ್ಮ ದೇಶದಲ್ಲಾದರೆ ಇದಕ್ಕೆಲ್ಲ ಕೈಹಾಕುವ ಮುನ್ನ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಓದಿಕೊಳ್ಳುವುದು ಕರ್ತವ್ಯ. ನೋಂದಣಿ ಪತ್ರದಲ್ಲಿ ನಮೂದಾಗಿರುವ ಮೂಲ ಲಕ್ಷಣಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿಷೇಧಿಸುತ್ತದೆ.

ದೊಡ್ಡ ಎಂಜಿನ್ನಿನಿಂದ ದೊರೆತ ಲಾಭವೆಷ್ಟೆಂಬುದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ನಾಲ್ಕು ಹೊಡೆತಗಳ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಸೆಳೆಯುವುದರಿಂದ, ನಿಮಿಷಕ್ಕೆ 6000 ಸುತ್ತುಗಳಲ್ಲಿ ಈ 1.84 ಲೀಟರಿನ ಎಂಜಿನ್ ಸೆಕೆಂಡಿಗೆ ಸುಮಾರು 92 ಲೀಟರು, ಎಂದರೆ 110 ಗ್ರಾಂ, ಗಾಳಿಯನ್ನು ಸೆಳೆಯಬೇಕು; ಕವಾಟಗಳ ಇಕ್ಕಟ್ಟಿನಿಂದ ನಷ್ಟವಾಗುವುದನ್ನು ಕಳೆದರೆ 94 ಗ್ರಾಂ ಎಂದಿಟ್ಟುಕೊಳ್ಳೋಣ. ಪೂರ್ಣ ಶಕ್ತಿಯಲ್ಲಿ ಇಂಧನವನ್ನು ಪೂರ್ಣ ದಹನಕ್ಕೆ ಬೇಕಾದುದಕ್ಕಿಂತ ಕೊಂಚ ಹೆಚ್ಚಾಗಿಯೇ ಕೊಡುವುದರಿಂದ, ಅದರೊಡನೆ ಸೇರುವ ಪೆಟ್ರೋಲು ಸೆಕೆಂಡಿಗೆ ಏಳೂವರೆ ಗ್ರಾಂ. ಅದರಲ್ಲಿ ಅಡಗಿರುವ ಉಷ್ಣಶಕ್ತಿ 320 ಕಿಲೋವಾಟಿನಷ್ಟು. ಇಷ್ಟರಲ್ಲಿ ಕ್ರ್ಯಾಂಕ್ ಶಾಫ್ಟಿಗೆ ದೊರೆಯುವುದು ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ, ಸುಮಾರು 95 ಕಿಲೋವಾಟ್; ಅದೇ ಕಾರ್ಖಾನೆಯವರು ಹೇಳುವ 128 ಅಶ್ವಶಕ್ತಿ. ಉಳಿದುದರಲ್ಲಿ ಒಂದು ಪಾಲು ರೇಡಿಯೇಟರಿನ ನೀರಿಗೂ, ಮೂರರಲ್ಲೊಂದರಷ್ಟಾದ ಇನ್ನೊಂದು ಪಾಲು ಕೆಂಪಗೆ ಕಾದ ಹೊಗೆಯ ರೂಪದಲ್ಲಿ ಸೈಲೆನ್ಸರಿಗೂ ಹೋಗುತ್ತದೆ.

ಹೀಗೆ ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಕೆಲಸ ತೆಗೆಯಬೇಕೆಂದು ಸಂಕಲ್ಪಿಸಿ, 1905ರಲ್ಲಿ ಅದಕ್ಕಾಗಿ ಪೇಟೆಂಟು ಪಡೆದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಅವನ ಯೋಜನೆಯ ಸಾರಾಂಶವು ಅತ್ಯಂತ ಸರಳವಾದುದು: ಹೊರಬೀಳುವ ಹೊಗೆಯು ಒಂದು ಸಣ್ಣ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಸಂಪೀಡಕ ಚಕ್ರವು ಹೊರಗಿನ ಗಾಳಿಯನ್ನು ಹಿಡಿದು ಎಂಜಿನ್ನಿನೊಳಕ್ಕೆ ಒತ್ತುತ್ತದೆ. ಕಮ್ಮಾರನ ಕುಲುಮೆಗೆ ತಿದಿಯೊತ್ತುವ ಕೆಲಸವನ್ನು ಕುಲುಮೆಯ ಹೊಗೆಯೇ ಮಾಡಿದಂತಾಯಿತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವನು ವಿಮಾನದ ಎಂಜಿನ್ನೊಂದನ್ನು ಕೊಲರಾಡೋದ ಪೈಕ್ಸ್ ಪೀಕ್ ಎಂಬ, ಹದಿನಾಲ್ಕು ಸಾವಿರ ಅಡಿಗೂ ಎತ್ತರವಾದ ಪರ್ವತದ ನೆತ್ತಿಗೆ ಸಾಗಿಸಿ, ಅಲ್ಲಿನ ತೆಳುಗಾಳಿಯಲ್ಲಿಯೂ ಈ ಉಪಕರಣದ ಸಹಾಯದಿಂದ ಸಮುದ್ರಮಟ್ಟದ ಶಕ್ತಿಯನ್ನೇ ಪಡೆಯಬಹುದೆಂದು ತೋರಿಸಿಕೊಟ್ಟನು.

ಇಷ್ಟು ಕೇಳಿದವರಿಗೆ ಟರ್ಬೋ ಎಂದು ಕರೆಯುವ ಈ ಉಪಕರಣವು ವೆಚ್ಚವಿಲ್ಲದೆ ದೊರೆವ ವರವೆಂದು ತೋರಬಹುದು. ಆದರೆ ಗಾಳಿಯನ್ನು ತುಂಬುವುದು ಸುಲಭ, ಅದರ ಬೆನ್ನಹಿಂದೆಯೇ ಬರುವ ತಾಪವನ್ನು ನಿಭಾಯಿಸುವುದು ಕಠಿನ. ಈ ವಿದ್ಯೆಯ ಕಷ್ಟವೂ ಸ್ವಾರಸ್ಯವೂ ಇರುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೈಕಲ್ಲಿನ ಪಂಪು ಬಿಸಿಯಾಗುವುದನ್ನು ಬಲ್ಲವರೆಲ್ಲರೂ ಬಲ್ಲಂತೆ, ಒತ್ತಿದ ಗಾಳಿ ಕಾಯುತ್ತದೆ. 27 ಡಿಗ್ರಿ ಉಷ್ಣತೆಯ ಗಾಳಿಯನ್ನು ವಾಯುಭಾರದ ಒಂದೂವರೆ ಪಟ್ಟಿಗೆ ಒತ್ತಿದರೆ, ಸಂಪೀಡಕದ ದಕ್ಷತೆ ನೂರಕ್ಕೆ ಎಪ್ಪತ್ತೆಂದು ಭಾವಿಸಿದಲ್ಲಿ, ಅದರ ಉಷ್ಣತೆ 80 ಡಿಗ್ರಿಯನ್ನು ಮುಟ್ಟುತ್ತದೆ. ಕಾದ ಗಾಳಿ ಹಿಗ್ಗುವುದರಿಂದ, ಒತ್ತಡವು ನೂರಕ್ಕೆ ಐವತ್ತರಷ್ಟು ಏರಿದರೂ ಸಾಂದ್ರತೆ ಏರುವುದು ಇಪ್ಪತ್ತೇಳರಷ್ಟು ಮಾತ್ರ. ಆ ಗಾಳಿಯನ್ನು ಕಾರಿನ ಮೂತಿಯಲ್ಲಿರಿಸಿದ ಇಂಟರ್‌ಕೂಲರಿನ ಮೂಲಕ ಹಾಯಿಸಿ 40 ಡಿಗ್ರಿಗೆ ಇಳಿಸಿದರೆ ಸಾಂದ್ರತೆಯ ಲಾಭ ಸುಮಾರು ನಲವತ್ತನಾಲ್ಕಕ್ಕೆ ಏರುತ್ತದೆ. ಒಂದು ಹನಿ ಇಂಧನವನ್ನೂ ಬೇಡದ ಈ ಅಲ್ಯೂಮಿನಿಯಂ ಪೆಟ್ಟಿಗೆ ಗಳಿಸಿಕೊಡುವ ಶಕ್ತಿಯನ್ನು ಕಂಡಾಗ, ಟರ್ಬೋವಿಗೆ ಸಲ್ಲುವ ಪ್ರಶಂಸೆಯಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಬೇಕೆನ್ನಿಸುತ್ತದೆ.

ಗಾಳಿ ಬಿಸಿಯಾಗಿರುವುದರಿಂದ ಶಕ್ತಿ ಕಡಿಮೆಯಾದೀತೆಂಬುದಷ್ಟೇ ಆತಂಕವಲ್ಲ. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆಯು ಸಿಲಿಂಡರಿನ ಅಂಚನ್ನು ತಲುಪುವುದಕ್ಕೆ ಮೊದಲೇ, ಅಲ್ಲಿ ಒತ್ತಡಕ್ಕೂ ತಾಪಕ್ಕೂ ಸಿಕ್ಕಿ ನವೆದ ಮಿಶ್ರಣವು ತಾನಾಗಿ ಏಕಕಾಲದಲ್ಲಿ ಸ್ಫೋಟಿಸಿದರೆ, ಒತ್ತಡದ ಅಲೆಗಳು ಲೋಹಕ್ಕೆ ಬಡಿದು ಟಣಟಣವೆಂಬ ಶಬ್ದವನ್ನುಂಟುಮಾಡುತ್ತವೆ. ಮೆಕ್ಯಾನಿಕರು ಇದನ್ನೇ ನಾಕಿಂಗ್ ಎನ್ನುತ್ತಾರೆ. ಅತಿಯಾದ ನಾಕಿಂಗಿನಿಂದ ಪಿಸ್ಟನ್ನಿನ ಅಂಚು ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಡ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಸಂಸ್ಥೆಯವರು ಟರ್ಬೋ ಅಳವಡಿಸಿದ ಜೆಟ್‌ಫೈರ್ ಎಂಬ ಕಾರನ್ನು ಮಾರಾಟಕ್ಕೆ ತಂದಾಗ ಎಂಜಿನ್ನಿನ ಸಂಕೋಚನ ಪ್ರಮಾಣವನ್ನು 10.25ರಷ್ಟು ಎತ್ತರದಲ್ಲಿಯೇ ಇರಿಸಿ, ನಾಕಿಂಗನ್ನು ತಡೆಯಲು ನೀರು ಮತ್ತು ಮೆಥನಾಲುಗಳ ಮಿಶ್ರಣವನ್ನು ಒಳಕ್ಕೆ ಚಿಮುಕಿಸುವ ಏರ್ಪಾಡು ಮಾಡಿದರು. ಆ ದ್ರವದ ತೊಟ್ಟಿಯನ್ನು ಮರಳಿ ತುಂಬಿಸಲು ಒಡೆಯರು ಮರೆತರು, ಎರಡು ವರ್ಷಗಳಲ್ಲಿ ಆ ಮಾದರಿಯೇ ನಿಂತುಹೋಯಿತು. ಸ್ವೀಡನ್ನಿನ ಸಾಬ್ ಸಂಸ್ಥೆಯವರು 1970ರ ದಶಕದ ಕೊನೆಗೆ ಹಿಡಿದ ದಾರಿ ಹೆಚ್ಚು ವಿವೇಕದ್ದು: ಸಂಕೋಚನ ಪ್ರಮಾಣವನ್ನು ಇಳಿಸಿದರು, ಸಣ್ಣ ಟರ್ಬೈನನ್ನು ಆರಿಸಿದರು, ಒತ್ತಡವು ಮಿತಿಯನ್ನು ಮುಟ್ಟಿದೊಡನೆ ಹೊಗೆಯನ್ನು ಟರ್ಬೈನಿನ ಪಕ್ಕದಿಂದಲೇ ಹೊರಗೆ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲನ್ನು ಇರಿಸಿದರು, ಮುಂದಿನ ದಶಕದ ಆರಂಭದಲ್ಲಿ ನಾಕಿಂಗಿನ ಸದ್ದನ್ನು ಆಲಿಸಿ ಒತ್ತಡವನ್ನು ತಾನಾಗಿ ತಗ್ಗಿಸುವ ವಿದ್ಯುನ್ಮಾನ ಸಾಧನವನ್ನೂ ಕೂಡಿಸಿದರು.

ಈಗ ಗ್ಯಾರೇಜಿನ ಕೆಲಸಕ್ಕೆ ಬರೋಣ. ಟರ್ಬೋವಿನ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನೂ ಮೀರಿ ತಿರುಗುವಾಗ ಅದನ್ನು ಹೊತ್ತಿರುವುದು ತೆಳುವಾದ ಎಣ್ಣೆಯ ಪೊರೆ. ಎಣ್ಣೆಯು ಸಣ್ಣ ಕೊಳವೆಯ ಮೂಲಕ ಪಂಪಿನ ಒತ್ತಡದಿಂದ ಒಳಕ್ಕೆ ಬರುತ್ತದೆ. ನೊರೆಗಟ್ಟಿ ಹೊರಬೀಳುವಾಗ ಯಾವ ಒತ್ತಡವೂ ಇಲ್ಲದೆ ಕೇವಲ ತನ್ನ ಭಾರದಿಂದಲೇ ಕೆಳಕ್ಕೆ ಇಳಿಯಬೇಕು. ಆದಕಾರಣ ಹಿಂದಿರುಗುವ ಕೊಳವೆ ಅಗಲವಾಗಿರಬೇಕು, ಎಲ್ಲಿಯೂ ಮೇಲಕ್ಕೇರದೆ ಏಕಪ್ರಕಾರವಾಗಿ ಇಳಿಯಬೇಕು, ಆಯಿಲ್ ಚೇಂಬರನ್ನು ಅದರೊಳಗಿನ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ಇದರಲ್ಲಿ ಸ್ವಲ್ಪ ಲೋಪವಾದರೂ ಎಣ್ಣೆ ಟರ್ಬೋವಿನಲ್ಲೇ ಮಡುಗಟ್ಟಿ, ಸೀಲುಗಳನ್ನು ದಾಟಿ, ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೊರಬರುತ್ತದೆ. ಎಂಜಿನ್ ಕಾರಿನೊಳಗೇ ಇರುವಾಗ ಚೇಂಬರಿಗೆ ರಂಧ್ರ ಕೊರೆಯುವವರು, ಲೋಹದ ಚೂರುಗಳು ಒಳಗೆ ಬೀಳದಂತೆ ಡ್ರಿಲ್ಲಿನ ಮೊನೆಗೆ ದಟ್ಟವಾಗಿ ಗ್ರೀಸು ಬಳಿದು, ಆಗಾಗ್ಗೆ ನಿಲ್ಲಿಸಿ ಒರೆಸಿ, ಪುನಃ ಬಳಿದು ಕೊರೆಯುತ್ತಾರೆ. ಎಂಜಿನ್ ಬದಲಾವಣೆಯನ್ನೂ ಟರ್ಬೋ ಜೋಡಣೆಯನ್ನೂ ಒಟ್ಟಿಗೆ ಮಾಡುವವನಿಗೆ ಈ ತೊಡಕಿಲ್ಲ. ಚೇಂಬರನ್ನೇ ಬಿಚ್ಚಿ ಮೇಜಿನ ಮೇಲಿಟ್ಟು ಕೊರೆದು, ತೊಳೆದು, ಮತ್ತೆ ಜೋಡಿಸಬಹುದು. ಎರಡೂ ಕೆಲಸಗಳನ್ನು ಕೂಡಿಸಬೇಕೆಂದು ನಾನು ಹೇಳುವುದಕ್ಕೆ ಇದೊಂದು ಕಾರಣವೇ ಸಾಕು.

ಹೆಚ್ಚಿದ ಗಾಳಿಗೆ ತಕ್ಕಂತೆ ಇಂಧನವೂ ಹೆಚ್ಚಬೇಕಷ್ಟೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಗಾಳಿ ಸೆಕೆಂಡಿಗೆ 135 ಗ್ರಾಂ ಆಗುತ್ತದೆ. ಪೂರ್ಣ ಒತ್ತಡದಲ್ಲಿ ಪೆಟ್ರೋಲನ್ನು ಕೊಂಚ ಧಾರಾಳವಾಗಿಯೇ, ಹನ್ನೊಂದೂವರೆಗೆ ಒಂದರಂತೆ, ಕೊಡುವುದು ರೂಢಿ, ಏಕೆಂದರೆ ಅಧಿಕ ಇಂಧನವು ಆವಿಯಾಗುತ್ತ ಸಿಲಿಂಡರನ್ನು ತಂಪಾಗಿಡುತ್ತದೆ. ಈ ಲೆಕ್ಕದಂತೆ, ಕೊಂಚ ಮೀಸಲನ್ನೂ ಇಟ್ಟುಕೊಂಡರೆ, ನಾಲ್ಕು ಇಂಜೆಕ್ಟರುಗಳಲ್ಲಿ ಒಂದೊಂದೂ ನಿಮಿಷಕ್ಕೆ ಸುಮಾರು 300 ಘನ ಸೆಂಟಿಮೀಟರು ಚಿಮ್ಮಿಸಬಲ್ಲದಾಗಿರಬೇಕು. ಕಾರ್ಖಾನೆಯ ಇಂಜೆಕ್ಟರುಗಳು ಇಲ್ಲಿ ಸಾಲವು. ಹಳೆಯ 1.6 ಲೀಟರು ಕಾರಿನಲ್ಲಿ ಗಾಳಿಯನ್ನು ಅಳೆಯುತ್ತಿದ್ದ ರೆಕ್ಕೆಬಾಗಿಲಿನ ಮಾಪಕವನ್ನೂ ತೆಗೆದುಹಾಕಿ, ಒಳದಾರಿಯ ಒತ್ತಡವನ್ನೇ ನೇರವಾಗಿ ಅಳೆಯುವ ಹೊಸ ಕಂಪ್ಯೂಟರನ್ನು ಕೂರಿಸುತ್ತಾರೆ. ಅದರ ಪರದೆಯ ಮೇಲೆ ಒಂದು ಕೋಷ್ಟಕ. ಒಂದು ದಿಕ್ಕಿಗೆ ಸುತ್ತುಗಳ ವೇಗ, ಇನ್ನೊಂದು ದಿಕ್ಕಿಗೆ ಒತ್ತಡ. ಪ್ರತಿಯೊಂದು ಮನೆಯಲ್ಲಿಯೂ ಎಷ್ಟು ಇಂಧನ, ಎಷ್ಟು ಮುಂಚಿತವಾಗಿ ಕಿಡಿ ಎಂಬುದನ್ನು, ಸೈಲೆನ್ಸರಿನಲ್ಲಿಟ್ಟ ಆಮ್ಲಜನಕ ಮಾಪಕದ ಸಾಕ್ಷ್ಯವನ್ನು ಹಿಡಿದು, ಕಡಿಮೆ ಒತ್ತಡದ ಮನೆಗಳಿಂದ ಆರಂಭಿಸಿ ತಾಳ್ಮೆಯಿಂದ ತುಂಬುತ್ತ ಹೋಗಬೇಕು. ಒತ್ತಡವೇರಿದಂತೆ ಕಿಡಿಯನ್ನು ತಡಮಾಡುತ್ತ ಬರಬೇಕು. ಶಕ್ತಿಯ ಆಸೆಯಿಂದ ಇಲ್ಲಿ ಕಿಡಿಯನ್ನು ಕ್ರ್ಯಾಂಕಿನ ಸುತ್ತಿನ ಎರಡು ಡಿಗ್ರಿಯಷ್ಟು ಮುಂಚಿತವಾಗಿಸಿದವನು ಪಿಸ್ಟನ್ನುಗಳನ್ನೇ ತೆರಬೇಕಾದೀತು.

ಎಲ್ಲವೂ ಸರಿಹೋದರೆ 128 ಅಶ್ವಶಕ್ತಿಯ ಎಂಜಿನ್ 170ರ ಆಸುಪಾಸಿಗೆ ಬರುತ್ತದೆ, ಇಷ್ಟು ಹಗುರವಾದ ಕಾರಿಗೆ ಅದು ಧಾರಾಳ. ಇನ್ನೂ ಒತ್ತಡವನ್ನು ಏರಿಸುತ್ತ ಹೋದರೆ ಕಾರ್ಖಾನೆಯ ತೆಳುವಾದ ಕನೆಕ್ಟಿಂಗ್ ರಾಡುಗಳು ಬಾಗುತ್ತವೆ. ಅದಕ್ಕೂ ಮೊದಲೇ, 1.6 ಲೀಟರು ಕಾರಿನ ಹಿಂಬದಿಯಲ್ಲಿರುವ ಆರಂಗುಲದ ಡಿಫರೆನ್ಷಿಯಲ್ಲಿನ ಹಲ್ಲುಗಳು ಮುರಿಯುವ ಸಂಭವವುಂಟು. 1994ರ ಮಾದರಿಯಿಂದೀಚಿನ 1.8 ಲೀಟರಿನ ಕಾರುಗಳಲ್ಲಿ ಅದು ಏಳಂಗುಲದ್ದಾಗಿ ಬಲಗೊಂಡಿದೆ, ಬ್ರೇಕುಗಳೂ ದೊಡ್ಡವಾಗಿವೆ. ಆದುದರಿಂದ ಎಂಜಿನ್ನನ್ನು ಮಾತ್ರ ಬಿಡಿಯಾಗಿ ಕೊಂಡು, ಆಮೇಲೆ ಡಿಫರೆನ್ಷಿಯಲ್ಲು, ಆಕ್ಸಲ್ಲುಗಳು, ಪ್ರೊಪೆಲರ್ ಶಾಫ್ಟು, ಬ್ರೇಕುಗಳೆಂದು ಒಂದೊಂದನ್ನೇ ಹುಡುಕಿಕೊಂಡು ಅಲೆಯುವುದಕ್ಕಿಂತ, ಅಪಘಾತದಲ್ಲಿ ಮೈ ಜಖಂಗೊಂಡರೂ ಯಂತ್ರಭಾಗಗಳು ಅಕ್ಷತವಾಗಿ ಉಳಿದಿರುವ 1.8 ಲೀಟರಿನ ಇಡೀ ಕಾರೊಂದನ್ನು ಕೊಂಡು, ಅದರಿಂದಲೇ ಎಲ್ಲವನ್ನೂ ಬಿಚ್ಚಿಕೊಳ್ಳುವುದು ಲೇಸು.