ಕಾಗದದ ಓಲೆ, ತಗಡಿನ ಆಟಿಕೆ

ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದು ಲೋಕರೂಢಿ. ಬಣ್ಣದ ಕಾಗದವನ್ನೂ ಮಕ್ಕಳು ಆಡಿ ಬಿಟ್ಟ ತಗಡಿನ ಬಂಡಿಯನ್ನೂ ಕಾಯುವವರು ವಿರಳ. ಅಂತಹ ವಸ್ತುಗಳು ಇಂದು ಅಲ್ಪವಾಗಿ ಉಳಿದಿರುವುದಕ್ಕೂ, ಸಂಗ್ರಾಹಕರು ಅವನ್ನು ಅರಸಿ ಹೊರಡುವುದಕ್ಕೂ ಇದೇ ಕಾರಣವು.

ಪಾಶ್ಚಾತ್ಯ ದೇಶಗಳಲ್ಲಿ ಫೆಬ್ರವರಿ 14ರಂದು ಸಂತ ವ್ಯಾಲೆಂಟೈನನ ಹೆಸರಿನಲ್ಲಿ ಒಲಿದವರಿಗೆ ಓಲೆ ಕಳುಹಿಸುವ ಪದ್ಧತಿಯುಂಟು. 1840ರಲ್ಲಿ ಬ್ರಿಟನ್ನಿನಲ್ಲಿ ದೂರವೆಷ್ಟಿದ್ದರೂ ಒಂದು ಪೆನ್ನಿಗೆ ಹಗುರವಾದ ಕಾಗದವನ್ನು ಮುಟ್ಟಿಸುವ ಅಂಚೆಯೇರ್ಪಾಡು ಬಂದ ಮೇಲೆ ಈ ಪದ್ಧತಿಯು ಬಹಳವಾಗಿ ಹಬ್ಬಿತು. ಅಮೆರಿಕೆಯಲ್ಲಿ ಇದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದವಳು ವೂಸ್ಟರ್ ಪಟ್ಟಣದ ಎಸ್ತರ್ ಹೌಲೆಂಡ್ ಎಂಬಾಕೆ. 1847ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ಈಕೆ, ಇಂಗ್ಲೆಂಡಿನಿಂದ ಬಂದ ಓಲೆಯೊಂದನ್ನು ಕಂಡು, ತಾನೂ ಕೆಲವನ್ನು ರಚಿಸಿ, ವ್ಯಾಪಾರಕ್ಕೆ ಹೊರಟ ಅಣ್ಣನ ಕೈಗಿತ್ತಳು. 200 ಡಾಲರಿನ ಬೇಡಿಕೆ ಬಂದೀತೆಂದು ಆಕೆ ಎಣಿಸಿದ್ದಳಂತೆ. ಬಂದುದು 5,000ವನ್ನು ಮೀರಿತೆಂದು ಹೇಳುವರು. ಗೆಳತಿಯರನ್ನು ಮನೆಯಲ್ಲಿಯೇ ಕೂರಿಸಿ, ಒಬ್ಬಳು ಕತ್ತರಿಸುವುದು, ಮತ್ತೊಬ್ಬಳು ಅಂಟಿಸುವುದು ಎಂಬಂತೆ ಕೆಲಸವನ್ನು ಹಂಚಿದಳು. ಆಕೆಯ ಓಲೆಗಳ ಬೆನ್ನಿನಲ್ಲಿ ಕಾಣುವ ಕೆಂಪು 'ಎಚ್' ಅಕ್ಷರವು ಇಂದು ಸಂಗ್ರಾಹಕರಿಗೆ ಗುರುತು. 1881ರಲ್ಲಿ ಆಕೆ ಉದ್ಯಮವನ್ನು ಜಾರ್ಜ್ ವಿಟ್ನಿ ಎಂಬಾತನಿಗೆ ಮಾರಿದಳು. ಆ ವಿಟ್ನಿ ಸಂಸ್ಥೆಯು ಯುದ್ಧಕಾಲದ ಕಾಗದದ ಅಭಾವದಿಂದ 1942ರಲ್ಲಿ ಮುಚ್ಚಿತು.

ಅದೇ ವರ್ಷ ಅಮೆರಿಕಾ ಸರಕಾರವು ಆಟಿಕೆಗಳಿಗೆ ಲೋಹವನ್ನು ಬಳಸುವುದನ್ನು ಕಟ್ಟುನಿಟ್ಟಾಗಿ ತಡೆಯಿತು. ಮನೆಮನೆಯ ಹಳೆಯ ತಗಡಿನ ಆಟಿಕೆಗಳು ಯುದ್ಧೋಪಕರಣಗಳಿಗಾಗಿ ಗುಜರಿಯ ರಾಶಿಯನ್ನು ಸೇರಿದುವು. ಅಳಿದುಳಿದವನ್ನಾದರೂ ಜೋಪಾನ ಮಾಡದಿದ್ದರೆ ಆ ಕಾಲದ ಗೃಹಜೀವನದ ಸಾಕ್ಷ್ಯವೇ ಇಲ್ಲವಾಗುವುದು.

ಜೋಪಾನಕ್ಕೆ ಹೆಚ್ಚು ಖರ್ಚಿಲ್ಲ. ಕಾಗದದ ಓಲೆಗಳನ್ನು ಬಿಸಿಲಿಗೂ ತೇವಕ್ಕೂ ಒಡ್ಡಬಾರದು. ಹರಿದರೆ ಅಂಟುಪಟ್ಟಿ ಹಚ್ಚಬಾರದು, ಅದರ ಅಂಟು ಕಾಗದವನ್ನು ಕಂದಿಸುವುದು. ತಗಡಿನ ಆಟಿಕೆಗಳನ್ನು ಒಣಬಟ್ಟೆಯಿಂದ ಒರಸಿದರೆ ಸಾಕು. ಹೊಸ ಬಣ್ಣ ಬಳಿದರೆ ಅಂದದೊಡನೆ ಬೆಲೆಯೂ ಹೋಗುವುದು. ಆದರೆ ಇವನ್ನು ಎಳೆಯ ಮಕ್ಕಳ ಕೈಗೆ ಕೊಡಲಾಗದು. ಹಳೆಯ ಬಣ್ಣದಲ್ಲಿ ಸೀಸವಿರುವುದುಂಟು. ಅಮೆರಿಕೆಯಲ್ಲಿಯೂ ಆಟಿಕೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿದುದು 1978ರಲ್ಲಿ. ಬಾಯಿಗಿಟ್ಟುಕೊಳ್ಳುವ ಮಗುವಿಗೆ ಅದು ವಿಷವೇ ಸರಿ.

ನಮ್ಮ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳಿಗೆ ಈ ವಿಷಯವು ಹೊಸದಲ್ಲ. ಮದುವೆಯಲ್ಲಿ ಮಗಳಿಗಿತ್ತ ಪಟ್ಟದ ಬೊಂಬೆಗಳನ್ನು ಮೊಮ್ಮಗಳೂ ಕೂರಿಸುವಳು. ಆದರೂ ಅವು ಯಾರ ಕಾಲದವು, ಯಾರು ಕೊಟ್ಟುವು ಎಂಬುದು ಹಿರಿಯರೊಡನೆಯೇ ಮರೆಯಾಗುತ್ತಿದೆ. ಆದುದರಿಂದ ಈ ಸಲ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವಾಗ, ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಆ ವಿವರವನ್ನು ಬರೆದು ಜೊತೆಗಿಡಬೇಕೆಂದು ವಾಚಕರಲ್ಲಿ ನಾವು ಕೋರುತ್ತೇವೆ.