ಘಾಟಿ ಇಳಿಯಲು ಕಲಿಸಿದ ಮೈಸೂರಿನ ಜಾವಾ

ಊಟಿಯಿಂದ ಮೈಸೂರಿನ ಕಡೆ ಘಾಟಿ ಇಳಿಯುವಾಗ ಹಳೆಯ ಜಾವಾ ಬೈಕಿನ ಸವಾರರು ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಮ್ಮೆ ತಿರುವಿ ಬಿಡುತ್ತಾರೆ. ನೋಡುವವರಿಗೆ ಅದು ಶೋಕಿ ಅನ್ನಿಸೀತು. ಆದರೆ ಅದು ಎಂಜಿನ್ನಿನ ಜೀವ ಉಳಿಸುವ ಉಪಾಯ. ಜಾವಾದ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜತೆಗೇ ಒಳಗೆ ಹೋಗಬೇಕು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಮೈಲಿಗಟ್ಟಲೆ ಇಳಿದರೆ ಪೆಟ್ರೋಲ್ ಕಡಿಮೆಯಾಗಿ ಆಯಿಲೂ ಸಾಲದು. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಸೀಜ್ ಆಗುತ್ತದೆ.

ಮೈಸೂರು ಸೀಮೆಯಲ್ಲಿ ಬೈಕ್ ಪ್ರವಾಸದ ತಯಾರಿಯನ್ನು ಒಂದು ತಲೆಮಾರಿಗೆ ಕಲಿಸಿದ್ದು ಈ ಗಾಡಿಯೇ. ಮುಂಬೈಯ ಇರಾನಿ ಕುಟುಂಬ 1950ರ ದಶಕದಲ್ಲಿ ಜೆಕೊಸ್ಲೊವಾಕಿಯಾದಿಂದ ಜಾವಾ ತರಿಸಿ ಮಾರುತ್ತಿತ್ತು. ಆಮದಿಗೆ ಕಡಿವಾಣ ಬಿದ್ದಾಗ ಇಲ್ಲೇ ತಯಾರಿಸಲು ಹೊರಟಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಲ್ಲಿ ಹೊರಬಂದವು. ಕೊಡಗು, ವಯನಾಡು, ಊಟಿ ಮೂರೂ ಮೈಸೂರಿನಿಂದ ಅರ್ಧ ದಿನದ ದಾರಿ. ಗಾಡಿ ಕೊಂಡವನು ಬೆಟ್ಟ ಹತ್ತದೆ ಇರುತ್ತಾನೆಯೇ?

ಹೊರಡುವ ಮುನ್ನಾದಿನ ಸಂಜೆಯೇ ಕೆಲಸ ಶುರು. ಲೀಟರ್ ಪೆಟ್ರೋಲಿಗೆ ಸಾಮಾನ್ಯವಾಗಿ 40 ಮಿ.ಲೀ. ಆಯಿಲ್ ಬೆರೆಸಬೇಕು. ಹೆಚ್ಚಾದರೆ ಪ್ಲಗ್ಗಿಗೆ ಮಸಿ, ಕಡಿಮೆಯಾದರೆ ಪಿಸ್ಟನ್ನಿಗೆ ಕುತ್ತು. ಕಾಡಿನ ದಾರಿಯಲ್ಲಿ ಆಯಿಲ್ ಸಿಗುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಡಬ್ಬಿ ಜತೆಗಿರಬೇಕು. ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಕೇಬಲ್, ಉಪ್ಪುಕಾಗದ. 6 ವೋಲ್ಟಿನ ದೀಪವನ್ನು ನಂಬಿ ರಾತ್ರಿ ಘಾಟಿ ಹತ್ತುವಂತಿರಲಿಲ್ಲ. ನಸುಕಿನಲ್ಲೇ ಹೊರಟು, ಕತ್ತಲಿಗೆ ಮುಂಚೆ ಊರು ಸೇರುವ ಲೆಕ್ಕಾಚಾರ ಹುಟ್ಟಿದ್ದು ಹಾಗೆ. ಒಂದೇ ಲಿವರ್ ಕಿಕ್ಕರ್ ಆಗಿ ಗಾಡಿ ಸ್ಟಾರ್ಟ್ ಮಾಡುತ್ತಿತ್ತು, ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಆಗುತ್ತಿತ್ತು. ಅದು ಅಭ್ಯಾಸವಾಗದವರ ಕೈಗೆ ಗಾಡಿ ಕೊಡುತ್ತಿರಲಿಲ್ಲ.

1980ರ ದಶಕದಲ್ಲಿ ಪೆಟ್ರೋಲ್ ಉಳಿಸುವ, ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮರಳಿತು, ಆದರೆ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ನನಗೆ ಸಂಕಟವಾಗುವುದು ಹೆಸರು ಊರು ಬಿಟ್ಟಿದ್ದಕ್ಕಲ್ಲ, ಗಾಡಿಯ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕರ ವಿದ್ಯೆ ಯಾರಿಗೂ ದಾಟದೆ ಹೋಗುತ್ತಿರುವುದಕ್ಕೆ. ಈಗ ಪ್ರವಾಸದ ಯೋಜನೆಯೆಂದರೆ ಹೋಟೆಲ್ ಬುಕಿಂಗ್ ಮತ್ತು ಮೊಬೈಲಿನ ನಕ್ಷೆ. ಗಾಡಿಯ ಮಾತು ಅಲ್ಲಿ ಕೊನೆಗೆ ಬರುತ್ತದೆ.

ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಮನೆಯ ಮೂಲೆಯಲ್ಲಿ ಹಳೆಯ ಯೆಜ್ಡಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಊರಿನ ಹಿರಿಯ ಮೆಕ್ಯಾನಿಕರ ಬಳಿ ಒಯ್ಯಿರಿ, ಪಕ್ಕದಲ್ಲಿ ಕೂತು ಕಲಿಯಿರಿ, ಕಲಿತದ್ದನ್ನು ಬರೆದಿಡಿ.