ಒಗಟಲ್ಲ, ಬೆಡಗು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪ ಸಿಗುತ್ತದೆ. ಅದರ ಮಗ್ಗುಲಲ್ಲೇ ಬಳ್ಳಿಗಾವಿ. ಅಲ್ಲಮಪ್ರಭು ಹುಟ್ಟಿದ ಊರೆಂದು ನಾಡು ನಂಬಿಕೊಂಡು ಬಂದದ್ದು ಇದನ್ನೇ. ಕವಿ ಹರಿಹರನ ರಗಳೆಯಲ್ಲಿ ಅವನು ಮದ್ದಳೆ ಬಾರಿಸುವವನು. ಇಲ್ಲಿನ ಕೋಡಿಮಠದ 1162ರ ಶಾಸನ ವೇದ, ವ್ಯಾಕರಣಗಳ ಜೊತೆಗೆ ನಾಟಕವನ್ನೂ ಕಲಿಕೆಯ ಪಟ್ಟಿಗೆ ಸೇರಿಸುತ್ತದೆ. ಇಂಥ ನೆಲದಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಳ್ಳೆಯ ಕಾದಂಬರಿ ಕಂಡು ‘ಇದು ನನಗೆ ಅರ್ಥ ಆಗಲ್ಲ’ ಎಂದು ಹಿಂದೆ ಸರಿದರೆ ನನಗೆ ಸಂಕಟವಾಗುತ್ತದೆ.

ತಪ್ಪು ಅವಳದಲ್ಲ. ‘ಇದು ಯಾವುದರ ಸಂಕೇತ?’ ಎಂದು ಕೇಳಿ, ಎರಡು ಅಂಕಕ್ಕೆ ಒಂದು ಉತ್ತರ ಬಾಯಿಪಾಠ ಮಾಡಿಸಿದವರು ನಾವು. ಒಗಟಿಗೆ ಒಂದೇ ಉತ್ತರ. ಸಿಕ್ಕಿತೋ, ಒಗಟು ಮುಗಿಯಿತು. ಅಲ್ಲಮನ ಬೆಡಗು, ಅಂದರೆ ಅರ್ಥವನ್ನು ಮಾತಿನೊಳಗೆ ಮರೆಸಿಟ್ಟ ವಚನ, ಹಾಗಲ್ಲ. ಹಳೆಯ ಟೀಕಾಕಾರರು ಪದಪದಕ್ಕೂ ಅರ್ಥ ಹಚ್ಚಿದರು, ಆದರೂ ವಚನ ಅಲ್ಲಿಗೆ ತೀರಿಹೋಗಲಿಲ್ಲ. ಕಾದಂಬರಿಯನ್ನೂ ನಮ್ಮ ಮಕ್ಕಳು ಬೆಡಗಿನಂತೆ ಓದಬೇಕು.

ಮೊದಲಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕೊಡಿ. ಪುಟ ಕಡಿಮೆ, ಭಾರ ಹೆಚ್ಚು. ಚೋಮ ಬಾರಿಸುವ ದುಡಿ ಯಾವುದರ ಸಂಕೇತ ಎಂದು ಕೇಳಲೇಬೇಡಿ. ಚೋಮ ದುಡಿಯನ್ನು ಕೈಗೆತ್ತಿಕೊಂಡ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಲು ಹೇಳಿ. ಆಗ ಗುಡಿಸಲಲ್ಲಿ ಯಾರಿದ್ದರು? ಅದಕ್ಕೆ ಮುಂಚೆ ಏನಾಗಿತ್ತು? ಎತ್ತುಗಳಿದ್ದೂ ಉಳಲು ಭೂಮಿ ಸಿಗದವನ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ದುಡಿ ಶುರುವಾಗುತ್ತದೆ ಎಂದು ಒಬ್ಬ ಹೇಳಬಹುದು. ಅದು ಅವನ ಸಿಟ್ಟು ಎಂದು ಇನ್ನೊಬ್ಬಳು ವಾದಿಸಬಹುದು. ಪುಟ ತೆಗೆದು ತೋರಿಸಿದರೆ ಇಬ್ಬರ ಮಾತಿಗೂ ಬೆಲೆ ಇದೆ. ತೋರಿಸಲಾಗದಿದ್ದರೆ, ಹೇಳಿದವರು ಮೇಷ್ಟ್ರೇ ಆದರೂ ಒಪ್ಪಬೇಕಿಲ್ಲ.

ತೇಜಸ್ವಿಯವರ ‘ಕರ್ವಾಲೊ’ (1980) ಮಕ್ಕಳೇ ಓದಿಕೊಳ್ಳುತ್ತಾರೆ. ನಗುತ್ತ ನಗುತ್ತ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಕೊನೆಯಲ್ಲಿ ಅದು ಕೈತಪ್ಪಿದಾಗ ಸುಮ್ಮನಾಗುತ್ತಾರೆ. ಆ ಮೌನವನ್ನು ತಕ್ಷಣ ಪ್ರಶ್ನೆ ಕೇಳಿ ಕೆಡಿಸಬಾರದು.

‘ಸಂಸ್ಕಾರ’ (1965) ಪಿಯುಸಿ ವಯಸ್ಸಿನವರಿಗೆ. ಬರೆದ ಅನಂತಮೂರ್ತಿ ನಮ್ಮ ಜಿಲ್ಲೆಯ ಮೇಳಿಗೆಯಲ್ಲೇ ಹುಟ್ಟಿದವರು. ಅದರಲ್ಲಿ ಕಾಮವಿದೆ, ಜಾತಿಯ ಕ್ರೌರ್ಯವಿದೆ. ಅದಕ್ಕೆ ಹೆದರಿ ಬಚ್ಚಿಡುವುದು ಬೇಡ, ಆದರೆ ಕೊಡುವವರು ತಾವು ಮೊದಲು ಓದಿರಲಿ. ಸತ್ತ ಇಲಿ, ಮನೆಯ ಮೇಲೆ ಕೂತ ಹದ್ದು, ಸಂಸ್ಕಾರವಾಗದೆ ಕೊಳೆಯುತ್ತಿರುವ ನಾರಣಪ್ಪನ ಹೆಣ, ಹಸಿದು ಕೂತ ಅಗ್ರಹಾರ. ಹೆಣ ಎತ್ತುವ ತನಕ ಒಲೆ ಹಚ್ಚದ ಮನೆಯನ್ನು ನಮ್ಮೂರ ಮಕ್ಕಳು ಕಂಡಿದ್ದಾರೆ. ಆ ಹಸಿವನ್ನು ಮೊದಲು ಹಸಿವೆಂದೇ ಓದಲಿ. ಅದಾದ ಮೇಲೆ ಅಗ್ರಹಾರದಲ್ಲಿ ಕೊಳೆಯುತ್ತಿರುವುದು ಹೆಣವೊಂದೇನಾ ಎಂಬ ಪ್ರಶ್ನೆ ಯಾರೂ ಕೇಳದೆಯೇ ಏಳುತ್ತದೆ.

ಒಂದೇ ಓದಿಗೆ ಕಾದಂಬರಿ ಪೂರ್ತಿ ಸಿಗುವುದಿಲ್ಲ. ಸೊರಬದ ಗುಡಿಗಾರರ ಗಂಧದ ಕೆತ್ತನೆ ದೂರಕ್ಕೆ ಬರೀ ಆನೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಬಳ್ಳಿ, ಎಲೆ, ಎಲೆಯ ನರ. ಎರಡನೆಯ ಓದಿಗೂ ಅಷ್ಟು ಪುರುಸೊತ್ತು ಬೇಕು. ಹಾಗಂತ ಒತ್ತಾಯ ಬೇಡ. ಪಂಚಾಯಿತಿ ಗ್ರಂಥಾಲಯದಿಂದ ತಂದ ಪುಸ್ತಕ ರುಚಿಸದಿದ್ದರೆ ಮಕ್ಕಳು ಐವತ್ತು ಪುಟಕ್ಕೆ ವಾಪಸು ಕೊಡಲಿ, ಬೈಯಬೇಡಿ. ಎರಡು ವರ್ಷ ಬಿಟ್ಟು ಅದೇ ಪುಸ್ತಕ ಕೈಹಿಡಿದೀತು.

ಇನ್ನೊಂದು ಪುಸ್ತಕವನ್ನು ಮರೆಯಲಾರೆ. ಪಕ್ಕದ ಸಾಗರದ ನಾ. ಡಿಸೋಜರ ‘ದ್ವೀಪ’. ಶರಾವತಿಗೆ ಅಣೆಕಟ್ಟು ಬಂದು ನೀರು ಏರುತ್ತಿರುವಾಗ ಊರು ಬಿಡದೆ ಉಳಿದ ಸಂಸಾರದ ಕಥೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಓದಿ ಮುಗಿಸಿದ ಮಗುವಿಗೆ ಒಂದೇ ಕೆಲಸ ಕೊಡಿ: ಮುಳುಗಡೆ ಕಂಡ ಹಿರಿಯರು ನೆಂಟರಲ್ಲೋ ಕೇರಿಯಲ್ಲೋ ಇದ್ದರೆ, ‘ಅಜ್ಜಾ, ನೀರು ಅಂದ್ರೆ ನಿಮಗೆ ಏನು ನೆನಪಾಗ್ತದೆ?’ ಎಂದು ಕೇಳಿ ಬರಲಿ. ಬಂದು ಮೊದಲನೆಯ ಪುಟದಿಂದ ಮತ್ತೆ ಓದಲಿ.